ಐಇಪಿ: ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಆ ಭಾಗದ ಶಾಲೆಗಳನ್ನೆಲ್ಲ ನಡೆಸುವ ಆಡಳಿತಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಫ್ರೀಮಾಂಟ್, ಕೂಪರ್ಟಿನೋ, ಡಲ್ಲಾಸ್ ಕಡೆಗೆ ಹೋಗುವ ಕನ್ನಡ ಕುಟುಂಬಗಳು ಬಾಡಿಗೆ ಮನೆ ಹುಡುಕುವಾಗಲೇ ಶಾಲೆಯ ರೇಟಿಂಗ್ ನೋಡಿಕೊಳ್ಳುತ್ತವೆ. ಆದರೆ ಮಗುವಿಗೆ ಮಾತು ತಡವಾದರೆ, ಆಟಿಸಂ ಇದ್ದರೆ, ಓದುವಾಗ ಅಕ್ಷರಗಳು ತಲೆಗೆ ಹತ್ತದಿದ್ದರೆ, ಅದೇ ಡಿಸ್ಟ್ರಿಕ್ಟಿಗೆ ಇನ್ನೊಂದು ದೊಡ್ಡ ಹೊಣೆಯಿದೆ ಎಂಬುದು ಅನೇಕರಿಗೆ ತಿಳಿಯುವುದು ವರ್ಷಗಳು ಕಳೆದ ಮೇಲೆ.

ಅಂಥ ಮಗುವಿಗೂ ತಕ್ಕ ಶಿಕ್ಷಣ, ನೆರವು ಕೊಡಬೇಕೆಂಬ ಈ ಹೊಣೆಯ ಮೂಲ 1975ರ ಒಂದು ಕಾಯ್ದೆ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸಹಿ ಹಾಕುವ ಮೊದಲು, ಅಂಗವೈಕಲ್ಯವಿದ್ದ ಐದು ಮಕ್ಕಳಲ್ಲಿ ಒಂದು ಮಗುವಿಗಷ್ಟೇ ಅಲ್ಲಿನ ಸರ್ಕಾರಿ ಶಾಲೆಯ ಪಾಠ ಸಿಗುತ್ತಿತ್ತು. 1990ರಲ್ಲಿ ಕಾಯ್ದೆಗೆ ಐಡಿಇಎ ಎಂಬ ಹೊಸ ಹೆಸರು ಬಂತು. 2022-23ರ ಲೆಕ್ಕದಲ್ಲಿ ಸುಮಾರು 75 ಲಕ್ಷ ಮಕ್ಕಳು, ಅಂದರೆ ಸರ್ಕಾರಿ ಶಾಲೆಗಳ ನೂರು ಮಕ್ಕಳಲ್ಲಿ ಹದಿನೈದು ಮಂದಿ, ಇದರಡಿ ಸೇವೆ ಪಡೆಯುತ್ತಿದ್ದರು. ಪೋಷಕರು ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವೀಸಾ ಯಾವುದೆಂಬ ಪ್ರಶ್ನೆಯೂ ಇಲ್ಲ: ವಲಸೆ ಸ್ಥಿತಿ ಏನೇ ಇರಲಿ, ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಈ ವ್ಯವಸ್ಥೆಯಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಒಂದೇ. ಇಲ್ಲಿ ನಡೆಯುವುದು ಕಾಗದದ ಮೇಲಿರುವುದು ಮಾತ್ರ. ಶಿಕ್ಷಕಿ ಎಷ್ಟೇ ಒಳ್ಳೆಯವರಿರಲಿ, ಅವರು ಬಾಯಲ್ಲಿ ಹೇಳಿದ್ದು ಮುಂದಿನ ವರ್ಷ ಅವರು ಬೇರೆ ಶಾಲೆಗೆ ಹೋದರೆ ಅವರ ಜೊತೆಗೇ ಹೋಗುತ್ತದೆ.

ಶುರುವಾಗುವುದು ಪತ್ರದಿಂದ

ಮಗುವಿಗೆ ಮೂರು ವರ್ಷ ತುಂಬಿಲ್ಲದಿದ್ದರೆ ಶಾಲೆಗಿಂತ ಮೊದಲು 'ಅರ್ಲಿ ಇಂಟರ್ವೆನ್ಷನ್' ಸೇವೆಯನ್ನು ಸಂಪರ್ಕಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಅರ್ಲಿ ಸ್ಟಾರ್ಟ್. ಬಹುಮಟ್ಟಿಗೆ ನಡೆಸುವುದು ರಾಜ್ಯದ 21 ರೀಜನಲ್ ಸೆಂಟರ್‌ಗಳು. ಡಾಕ್ಟರ ಚೀಟಿಗೆ ಕಾಯಬೇಕಿಲ್ಲ, ಅಪ್ಪ ಅಮ್ಮನೇ ಫೋನ್ ಮಾಡಬಹುದು. ಮೂರನೇ ಹುಟ್ಟುಹಬ್ಬಕ್ಕೆ ಜವಾಬ್ದಾರಿ ಸ್ಕೂಲ್ ಡಿಸ್ಟ್ರಿಕ್ಟಿಗೆ ದಾಟುತ್ತದೆ. ಆ ದಾಟುವಿಕೆಯ ಸಭೆ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮುಂಚೆ ಆಗಬೇಕು.

ಮೂರು ದಾಟಿದ ಮಗುವಿಗೆ, ಅದು ಇನ್ನೂ ಶಾಲೆಗೆ ಸೇರಿರದಿದ್ದರೂ, ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ಕಚೇರಿಗೆ ಬರೆಯಬಹುದು. ಉದ್ದದ ಪತ್ರ ಬೇಡ. 'ನನ್ನ ಮಗನ ವಯಸ್ಸು ಆರು. ಹೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತಾನೆ, ಆದರೆ ಎರಡು ಪದಕ್ಕಿಂತ ಹೆಚ್ಚು ಜೋಡಿಸಿ ಮಾತಾಡುವುದಿಲ್ಲ. ತರಗತಿಯಲ್ಲಿ ಗದ್ದಲವಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಅನುಮಾನವಿರುವ ಎಲ್ಲ ಕ್ಷೇತ್ರಗಳಲ್ಲೂ ಅವನ ಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇನೆ.' ಇಷ್ಟು ಬರೆದು, ತಾರೀಖು ಹಾಕಿ, ಇಮೇಲ್ ಮಾಡಿ ಪ್ರತಿ ಇಟ್ಟುಕೊಂಡರೆ ಸಾಕು. ಆ ತಾರೀಖಿನಿಂದ ಗಡುವುಗಳು ಓಡತೊಡಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 15 ದಿನದೊಳಗೆ ಯಾವ ಯಾವ ಪರೀಕ್ಷೆ ಮಾಡುತ್ತೇವೆಂಬ ಯೋಜನೆ ಪೋಷಕರ ಕೈ ಸೇರಬೇಕು. ಅದಕ್ಕೆ ಒಪ್ಪಿ ಸಹಿ ಹಾಕಿ ಕೊಟ್ಟ 60 ದಿನದೊಳಗೆ ಪರೀಕ್ಷೆ ಮುಗಿದು ಫಲಿತಾಂಶ ಚರ್ಚಿಸುವ ಸಭೆಯೂ ನಡೆಯಬೇಕು. ದೊಡ್ಡ ರಜೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ರಾಜ್ಯಗಳ ಗಡುವು ಬೇರೆ, ಟೆಕ್ಸಾಸಿನಲ್ಲಿ ಮೌಲ್ಯಮಾಪನಕ್ಕೆ 45 ಶಾಲಾ ದಿನ. 'ಸ್ವಲ್ಪ ದಿನ ನೋಡೋಣ, ಬೆಳೀತಾ ಸರಿಹೋಗುತ್ತೆ' ಎಂದು ಶಾಲೆಯವರು ಹೇಳಿದರೆ, ಮೌಲ್ಯಮಾಪನ ಮಾಡದಿರುವುದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕಾನೂನು ಅದನ್ನು ಕಡ್ಡಾಯ ಮಾಡಿದೆ.

ಪರೀಕ್ಷೆ ಯಾವ ಭಾಷೆಯಲ್ಲಿ?

ಕನ್ನಡದ ಮನೆಗಳಿಗೆ ಇದು ಬಹಳ ಮುಖ್ಯ. ಮನೆಯಲ್ಲಿ ಅಜ್ಜಿಯ ಜೊತೆ ಬೆಳೆದ ಮಗು ಚಿತ್ರ ತೋರಿಸಿದಾಗ 'ಚಮಚ', 'ಬಾಗಿಲು', 'ಆನೆ' ಎಂದು ಸರಿಯಾಗಿ ಹೇಳಬಹುದು. ಇಂಗ್ಲಿಷ್ ಪರೀಕ್ಷೆಯಲ್ಲಿ ಅದೇ ಮಗುವಿನ ಅಂಕ ಸೊನ್ನೆ. ಇಂಗ್ಲಿಷ್ ಬಾರದಿರುವುದನ್ನೇ ವೈಕಲ್ಯವೆಂದು ಪರಿಗಣಿಸುವಂತಿಲ್ಲ. ಸಾಧ್ಯವಿರುವ ಮಟ್ಟಿಗೆ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕು. ಹಾಗೆಯೇ ಇದರ ತಿರುಗುಮುರುಗೂ ನಡೆಯುತ್ತದೆ. 'ಎರಡು ಭಾಷೆಯ ಗೊಂದಲ ಅಷ್ಟೇ' ಎಂದು ನಿಜವಾದ ತೊಂದರೆಯನ್ನು ತಳ್ಳಿಹಾಕುವುದೂ ಉಂಟು. ಮಗು ಕನ್ನಡದಲ್ಲೂ ತನ್ನ ವಯಸ್ಸಿಗೆ ತಕ್ಕಂತೆ ಮಾತಾಡುತ್ತಿಲ್ಲವಾದರೆ ಅದನ್ನು ಸ್ಪಷ್ಟವಾಗಿ ಹೇಳಿ. ಮನೆಯಲ್ಲಿ ಮಾತಾಡಿದ ಒಂದೆರಡು ನಿಮಿಷದ ವಿಡಿಯೋ ತೋರಿಸಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಪಾಲಿಸಬೇಕಾಗಿಲ್ಲ.

ಇನ್ನೊಂದು ಗೊಂದಲ ಡಾಕ್ಟರ ವರದಿಯದು. ಆಸ್ಪತ್ರೆಯಲ್ಲಿ ಆಟಿಸಂ ಎಂದು ಬರೆದುಕೊಟ್ಟ ಮಾತ್ರಕ್ಕೆ ಶಾಲೆಯ ಸೇವೆ ತಾನಾಗಿ ಸಿಗುವುದಿಲ್ಲ. ಕಾಯ್ದೆ ಹೆಸರಿಸುವ 13 ವಿಭಾಗಗಳಲ್ಲಿ ಒಂದಕ್ಕೆ ಮಗು ಸೇರಬೇಕು, ಮತ್ತು ಅದರಿಂದಾಗಿ ವಿಶೇಷ ಬೋಧನೆ ಬೇಕಾಗಿದೆಯೆಂದು ಶಾಲೆಯವರೂ ಪೋಷಕರೂ ಇರುವ ತಂಡ ಕಂಡುಕೊಳ್ಳಬೇಕು. ವಿಶೇಷ ಬೋಧನೆ ಬೇಡ, ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಸಾಲಿನ ಕುರ್ಚಿ, ನಡುನಡುವೆ ವಿರಾಮ ಸಾಕು ಎನ್ನುವಂಥ ಮಕ್ಕಳಿಗೆ 1973ರ ಇನ್ನೊಂದು ಕಾಯ್ದೆಯಡಿ '504 ಪ್ಲಾನ್' ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಅದೇ ನೆರವಾಗುತ್ತದೆ.

ಮೇಜಿನ ಸುತ್ತ

ಮಗು ಅರ್ಹವೆಂದಾದರೆ ತಯಾರಾಗುವ ದಾಖಲೆಯೇ ಐಇಪಿ, ಆ ಒಂದು ಮಗುವಿಗಾಗಿಯೇ ಬರೆದ ಶಿಕ್ಷಣ ಯೋಜನೆ. ಸಭೆಯಲ್ಲಿ ಕ್ಲಾಸ್ ಟೀಚರ್, ಸ್ಪೆಷಲ್ ಎಜುಕೇಶನ್ ಟೀಚರ್, ಪರೀಕ್ಷೆಯ ಫಲಿತಾಂಶ ವಿವರಿಸಬಲ್ಲ ಸೈಕಾಲಜಿಸ್ಟ್ ಅಥವಾ ಥೆರಪಿಸ್ಟ್, ಡಿಸ್ಟ್ರಿಕ್ಟಿನ ಪರವಾಗಿ ತೀರ್ಮಾನ ತೆಗೆದುಕೊಳ್ಳಬಲ್ಲ ಒಬ್ಬರು ಇರುತ್ತಾರೆ. ಅಪ್ಪ ಅಮ್ಮ ಅತಿಥಿಗಳಲ್ಲ, ಕಾನೂನಿನ ಪ್ರಕಾರ ತಂಡದ ಸದಸ್ಯರು. ನಮ್ಮವರು ಎಡವುವುದು ಇಲ್ಲೇ. ಮೇಷ್ಟ್ರ ಮುಂದೆ ಎದುರು ಮಾತಾಡಬಾರದೆಂದು ಬೆಳೆದವರು, 'ನಿಮಗೆ ಸರಿ ಅನಿಸಿದ್ದು ಮಾಡಿ ಮೇಡಂ' ಎಂದು ಪೆನ್ನು ಎತ್ತಿಕೊಂಡುಬಿಡುತ್ತಾರೆ.

ಮೌಲ್ಯಮಾಪನದ ವರದಿಗಳನ್ನು ಸಭೆಗೆ ಕೆಲವು ದಿನ ಮುಂಚೆಯೇ ಕೇಳಿ ತರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ತೊಡಕಿದ್ದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಒದಗಿಸುವ ಜವಾಬ್ದಾರಿ ಡಿಸ್ಟ್ರಿಕ್ಟಿನದು, ದೊಡ್ಡ ಮಗಳನ್ನು ಕೂರಿಸಿಕೊಂಡು ಅನುವಾದ ಮಾಡಿಸಬೇಕಾಗಿಲ್ಲ. ಮಗುವನ್ನು ಬಲ್ಲ ಸ್ನೇಹಿತರನ್ನೋ ಥೆರಪಿಸ್ಟರನ್ನೋ ಜೊತೆಗೆ ಕರೆದೊಯ್ಯಬಹುದು. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆ ಮುಂಚೆ ತಿಳಿಸಿದರೆ ಸಭೆಯನ್ನು ಆಡಿಯೋ ರೆಕಾರ್ಡ್ ಮಾಡಿಕೊಳ್ಳಬಹುದು. ಮುಖ್ಯವಾಗಿ, ಅಲ್ಲೇ ಆವತ್ತೇ ಸಹಿ ಹಾಕಬೇಕೆಂಬ ನಿಯಮವಿಲ್ಲ. ಮನೆಗೆ ತಂದು ಓದಿ ಕೊಡಬಹುದು.

ಓದಬೇಕಾದ ಸಾಲುಗಳು

ಐಇಪಿ ಇಪ್ಪತ್ತು ಮೂವತ್ತು ಪುಟ ಇರುವುದೂ ಉಂಟು. ಮೊದಲು ಗುರಿಗಳನ್ನು ನೋಡಿ. 'ಸಂವಹನ ಕೌಶಲ ಉತ್ತಮಗೊಳ್ಳುತ್ತದೆ' ಎಂದು ಬರೆದಿದ್ದರೆ ವರ್ಷದ ಕೊನೆಗೆ ಅದು ಆಯಿತೋ ಇಲ್ಲವೋ ಯಾರೂ ಹೇಳಲಾರರು. ಬದಲಿಗೆ ಹೀಗಿರಬೇಕು: 'ಸದ್ಯ ತನಗೆ ಬೇಕಾದ್ದನ್ನು ಐದರಲ್ಲಿ ಒಂದು ಸಲ ಮಾತಿನಲ್ಲಿ ಕೇಳುತ್ತಾನೆ. ಮುಂದಿನ ಮಾರ್ಚ್ ಹೊತ್ತಿಗೆ, ತರಗತಿಯಲ್ಲಿ, ಯಾರೂ ನೆನಪಿಸದೆ, ಮೂರು ಪದದ ವಾಕ್ಯದಲ್ಲಿ, ಐದರಲ್ಲಿ ನಾಲ್ಕು ಸಲ ಕೇಳುತ್ತಾನೆ.' ಈಗ ಎಲ್ಲಿದ್ದಾನೆ, ಎಲ್ಲಿಗೆ ಹೋಗಬೇಕು, ಅಳೆಯುವುದು ಹೇಗೆ, ಮೂರೂ ಅದರಲ್ಲಿವೆ.

ಆಮೇಲೆ ಸೇವೆಗಳ ಪುಟ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಬಸ್ಸಿನ ವ್ಯವಸ್ಥೆ ಇವೆಲ್ಲ ಇಲ್ಲಿ ಬರುತ್ತವೆ. ವಾರಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ನಿಮಿಷ, ಒಬ್ಬನಿಗೋ ಗುಂಪಿನಲ್ಲೋ, ತರಗತಿಯೊಳಗೋ ಹೊರಗೆ ಕರೆದೊಯ್ದೋ ಎಂಬ ವಿವರ ಇರಬೇಕು. ಬೇಸಿಗೆ ರಜೆಯಲ್ಲಿ ಕಲಿತದ್ದು ಹಿಂದೆ ಸರಿಯುವ ಮಗುವಿಗೆ ರಜೆಯಲ್ಲೂ ಸೇವೆ ಮುಂದುವರಿಯಬಹುದು, ಅದನ್ನು ಕೇಳಿ.

ಮೂರನೆಯದು ಮಗು ಎಲ್ಲಿ ಕೂರುತ್ತದೆ ಎಂಬುದು. ಸಾಧ್ಯವಾದಷ್ಟೂ ಉಳಿದ ಮಕ್ಕಳ ಜೊತೆಗೇ ಕಲಿಯಬೇಕೆಂಬುದು ಕಾಯ್ದೆಯ ಆಶಯ. ನೆರವು ಕೊಟ್ಟರೂ ಸಾಮಾನ್ಯ ತರಗತಿ ಒಗ್ಗದಿದ್ದಾಗ ಮಾತ್ರ ಪ್ರತ್ಯೇಕ ತರಗತಿ. ಗುರಿಗಳು ಎಷ್ಟು ಎತ್ತರವಿರಬೇಕೆಂಬುದಕ್ಕೂ ಅಳತೆಗೋಲಿದೆ. ಕೊಲರಾಡೋದ ಎಂಡ್ರೂ ಎಫ್. ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಒಮ್ಮತದಿಂದ ಹೇಳಿದ ಪ್ರಕಾರ, ಹೆಸರಿಗೊಂದಿಷ್ಟು ಪ್ರಗತಿ ಸಾಲದು. ಮಗುವಿನ ಸ್ಥಿತಿಗೆ ತಕ್ಕ ನಿಜವಾದ ಪ್ರಗತಿಯಾಗುವಂತೆ ಯೋಜನೆ ಇರಬೇಕು. ಹೋದ ವರ್ಷದ ಗುರಿಗಳನ್ನೇ ಈ ವರ್ಷವೂ ಇಳಿಸಿದ್ದರೆ ಏಕೆಂದು ಕೇಳಲು ಇದೇ ಆಧಾರ.

ಒಪ್ಪಿಗೆಯಾಗದಿದ್ದರೆ

ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಿ, ಉಳಿದದ್ದಕ್ಕೆ ಆಕ್ಷೇಪ ಬರೆಯಬಹುದು; ಒಪ್ಪಿದ ಸೇವೆ ತಡವಾಗದೆ ಶುರುವಾಗುತ್ತದೆ. ಡಿಸ್ಟ್ರಿಕ್ಟಿನ ಮೌಲ್ಯಮಾಪನ ಸರಿಯಿಲ್ಲ ಎನಿಸಿದರೆ ಹೊರಗಿನ ಪರಿಣತರಿಂದ ಸರ್ಕಾರಿ ಖರ್ಚಿನಲ್ಲೇ ಮಾಡಿಸಿ ಎಂದು ಕೋರಬಹುದು. ಬರೆದ ಸೇವೆ ಕೊಡುತ್ತಿಲ್ಲವಾದರೆ ಒಂದು ವರ್ಷದೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು, ಅದು 60 ದಿನದಲ್ಲಿ ಉತ್ತರಿಸಬೇಕು. ಅದಕ್ಕೂ ಮೇಲೆ ಸಂಧಾನ, ವಿಚಾರಣೆ ಇವೆ. ವಿಚಾರಣೆ ನಡೆಯುವಷ್ಟು ಕಾಲ ಮಗು ಈಗಿರುವ ಕಡೆಯೇ, ಈಗಿನ ಸೇವೆಗಳೊಂದಿಗೇ ಇರುತ್ತದೆ. ಬಹುತೇಕ ಮನಸ್ತಾಪ ಅಲ್ಲಿಯತನಕ ಹೋಗುವುದಿಲ್ಲ. ಇನ್ನೊಂದು ಸಭೆ ಕರೆಯಿರೆಂದು ಒಂದು ಇಮೇಲ್ ಹಾಕಿದರೆ ಬಗೆಹರಿಯುತ್ತದೆ. ವರ್ಷದ ಸಭೆಗೆ ಕಾಯಬೇಕಿಲ್ಲ, ಯಾವಾಗ ಬೇಕಾದರೂ ಕೇಳಬಹುದು.

ಮನೆಯವರಿಗೆ ಆಸರೆ

ಮಗುವಿನ ಗುರಿಗಳಿಗೆ ಮನೆಯಲ್ಲಿ ಹೇಗೆ ಕೈಜೋಡಿಸಬೇಕೆಂದು ಪೋಷಕರಿಗೆ ಕಲಿಸುವುದೂ ಐಇಪಿಯಲ್ಲಿ ಬರೆಯಬಹುದಾದ ಸೇವೆ. ಕೇಳುವವರು ಕಡಿಮೆ. ಪ್ರತಿ ರಾಜ್ಯದಲ್ಲೂ ಕೇಂದ್ರ ಸರ್ಕಾರದ ಅನುದಾನದ ಪೋಷಕ ತರಬೇತಿ ಕೇಂದ್ರವಿದೆ. ಐಇಪಿ ಓದಲು ಅಲ್ಲಿ ಉಚಿತವಾಗಿ ನೆರವಾಗುತ್ತಾರೆ. ಸ್ಯಾನ್ ಹೋಸೆಯಲ್ಲಿ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್, ಬೇ ಏರಿಯಾದ ದಕ್ಷಿಣ ಏಷ್ಯಾ ಕುಟುಂಬಗಳಿಗೆ ಜೀನಾ ಎಂಬ ಸಂಸ್ಥೆಗಳಿವೆ. ಕ್ಯಾಲಿಫೋರ್ನಿಯಾದ ರೀಜನಲ್ ಸೆಂಟರ್‌ಗಳು ಅರ್ಹ ಮಕ್ಕಳಿಗೆ ಮೂರು ವರ್ಷದ ನಂತರವೂ, ಜೀವನಪೂರ್ತಿ, ಸೇವೆ ಕೊಡುತ್ತವೆ. ತಾಯಿಗೆ ಕೆಲವು ಗಂಟೆ ಬಿಡುವು ಸಿಗಲೆಂದು ಮಗುವನ್ನು ನೋಡಿಕೊಳ್ಳುವವರನ್ನು ಕೊಡುವ 'ರೆಸ್ಪೈಟ್' ಇದರಲ್ಲಿ ಒಂದು. ಊರಿನಿಂದ ಅತ್ತೆಯೋ ಅಮ್ಮನೋ ಬಂದಿದ್ದಾಗ ಮಾತ್ರ ಉಸಿರಾಡುವ ಮನೆಗಳಿಗೆ ಇದರ ಬೆಲೆ ಗೊತ್ತು.

ಊರು ಬದಲಾದರೆ, ಮಗು ಬೆಳೆದರೆ

ಅಮೆರಿಕದೊಳಗೆ ಮನೆ ಬದಲಿಸಿದರೆ ಹೊಸ ಡಿಸ್ಟ್ರಿಕ್ಟ್ ಹಳೆಯ ಐಇಪಿಗೆ ಸಮನಾದ ಸೇವೆಯನ್ನು ಕೂಡಲೇ ಶುರು ಮಾಡಬೇಕು. ಬೆಂಗಳೂರಿಗೋ ಮೈಸೂರಿಗೋ ವಾಪಸಾದರೆ ಆ ದಾಖಲೆಗೆ ಕಾನೂನಿನ ಬಲವಿಲ್ಲ, ಆದರೆ ವರದಿಗಳು ಹೊಸ ಶಾಲೆಗೆ ಬಹಳ ಉಪಯೋಗಕ್ಕೆ ಬರುತ್ತವೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಬೇಕು. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಬೇಕು.

ಅಮೆರಿಕದಲ್ಲೇ ಉಳಿದವರಿಗೆ, ಮಗುವಿಗೆ 16 ತುಂಬುವ ಹೊತ್ತಿಗೆ ಐಇಪಿಯಲ್ಲಿ ಕಾಲೇಜು, ಕೆಲಸ, ಸ್ವತಂತ್ರ ಬದುಕಿನ ಯೋಜನೆ ಸೇರಬೇಕು. ಕೆಲವು ರಾಜ್ಯಗಳಲ್ಲಿ ಇನ್ನೂ ಬೇಗ. ಆ ಸಭೆಗೆ ಮಗುವನ್ನೂ ಕರೆಯಲೇಬೇಕು. 18ಕ್ಕೆ ಬಹುತೇಕ ರಾಜ್ಯಗಳಲ್ಲಿ ಸಹಿಯ ಹಕ್ಕು ಮಗುವಿನದೇ ಆಗುತ್ತದೆ. ಆದ್ದರಿಂದ ಆ ವಯಸ್ಸು ಬರುವತನಕ ಕಾಯದೆ, ಮಿಡ್ಲ್ ಸ್ಕೂಲಿನಿಂದಲೇ ಸಭೆಯಲ್ಲಿ ಐದು ನಿಮಿಷ ಕೂರಿಸಿ. ತನಗೆ ಯಾವ ನೆರವು ಕೆಲಸಕ್ಕೆ ಬರುತ್ತಿದೆ, ಯಾವುದು ಬೇಡ ಎಂದು ಅದೇ ಹೇಳಲಿ, ಮಾತಿನಲ್ಲಾಗಲಿ ಟ್ಯಾಬ್ಲೆಟ್ಟಿನ ಚಿತ್ರ ಒತ್ತಿಯಾಗಲಿ. ಅದು ಹೇಳಿದ್ದನ್ನೂ ಐಇಪಿಯಲ್ಲಿ ಬರೆಸಿ.