ಮೂರಕ್ಷರದ ಅರಸ್, ಮರೆತುಹೋದ ಅಮ್ಮಣ್ಣಿ

ನಿಮ್ಮ ಆಫೀಸ್ ಇಮೇಲ್ ಐಡಿಯಲ್ಲಿ ಹೆಸರಾದ ಮೇಲೆ ಏನಿದೆ? ಹಳೇ ಮೈಸೂರಿನ ಕಡೆಯವರಾದರೆ ಒಂದು ಒಂಟಿ ಇನಿಷಿಯಲ್ ಇರುತ್ತೆ, ಇಲ್ಲವೇ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತೆ. ಧಾರವಾಡ, ಬೆಳಗಾವಿ ಕಡೆಯವರಾದರೆ ಮನೆತನದ ಅಡ್ಡಹೆಸರು. ಕೊಡಗಿನವರಾದರೆ ಒಕ್ಕದ ಹೆಸರು. ನನ್ನ ಹೆಸರಿನ ಕೊನೆಯಲ್ಲಿರೋದು ಇಂಗ್ಲಿಷಿನ ಮೂರೇ ಅಕ್ಷರ: ಯು, ಆರ್, ಎಸ್. ಕನ್ನಡದಲ್ಲೂ ಮೂರೇ: ಅರಸ್.

ಮೈಸೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನವರು ಹಬ್ಬಕ್ಕೆ ಬಟ್ಟೆ ತರೋದೇ ದೇವರಾಜ ಅರಸು ರಸ್ತೆಯಿಂದ. ಊರು ದಾಟಿದ ಮೇಲೆ ಕಥೆ ಶುರು. ಪುಣೆಯ ಸಹೋದ್ಯೋಗಿಯೊಬ್ಬ ನನ್ನ ಮೊದಲ ಮೇಲ್ ನೋಡಿ, ‘ಯುವರ್ಸ್’ ಅನ್ನೋದನ್ನ ಚಾಟ್ ಭಾಷೇಲಿ ಮೊಟಕು ಮಾಡಿದಾಳೆ ಅಂದುಕೊಂಡಿದ್ದನಂತೆ. ಇನ್ನೊಂದು ಕಂಪನಿಯ ಆನ್‌ಲೈನ್ ಅರ್ಜಿ, ಸರ್‌ನೇಮ್ ಇಷ್ಟು ಚಿಕ್ಕದಿರಲ್ಲ ಅಂತ ಅದನ್ನು ತಗೊಳ್ಳಲೇ ಇಲ್ಲ. ಇದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ.

ಈಗ ಹಾಗೆ ಸುಮ್ಮನಿರೋಕೆ ಆಗಲ್ಲ. ಶ್ರೀರಾಂಪುರದ ನಮ್ಮ ಮನೆಯಲ್ಲಿ ಏಳು ತಿಂಗಳ ಮಗಳಿದ್ದಾಳೆ. ನಾಮಕರಣ ಆಗಿದೆ, ಮುದ್ದಿನ ಹೆಸರು ನಾಲ್ಕಿವೆ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಹೆಸರಿನ ಜಾಗ ಖಾಲಿ. ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ತಡವಾದರೆ ದಂಡ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ಆದರೆ 2023ರ ತಿದ್ದುಪಡಿಯ ನಂತರ ಈ ಒಂದು ಕಾಗದದ ತೂಕ ಹೆಚ್ಚಿದೆ. ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗದ ದಾಖಲೆ ಇದೇ. ಇಲ್ಲಿ ಬರೆದ ಸ್ಪೆಲ್ಲಿಂಗ್ ಅವಳ ಹಿಂದೆ ಜೀವನಪೂರ್ತಿ ಬರುತ್ತೆ.

ಹಾಗಾಗಿ ನನ್ನ ಸರ್‌ನೇಮ್ ಎಲ್ಲಿಂದ ಬಂತು, ಎಲ್ಲೆಲ್ಲಿ ಹರಡಿದೆ ಅಂತ ಹುಡುಕೋಕೆ ಕೂತೆ. ಮಗು ಮಲಗಿದ ಹೊತ್ತಲ್ಲಿ, ಒಂದು ಕೈಯಲ್ಲಿ ತೊಟ್ಟಿಲು, ಇನ್ನೊಂದರಲ್ಲಿ ಫೋನು.

ಪದವಿಯೊಂದು ಹೆಸರಾದ ಬಗೆ

ಅರಸು ಅಂದರೆ ರಾಜ. ಇದು ಎಷ್ಟು ಹಳೆಯ ಪದ ಅಂದರೆ, ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲೇ ಇದೆ. ಸುಮಾರು ಕ್ರಿ.ಶ. 450ರದು ಎನ್ನುವ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ. ಯುದ್ಧದಲ್ಲಿ ಗೆದ್ದ ವೀರನಿಗೆ ಹಳ್ಳಿಗಳನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ವೀರನ ಹೆಸರು ವಿಜ ಅರಸ. ಅಂದರೆ ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದರಲ್ಲೇ ‘ಅರಸ’ ಒಬ್ಬನ ಹೆಸರಿನ ಹಿಂದೆ ಅಂಟಿಕೊಂಡಿದೆ. ಆಗ ಅದು ಪದವಿ, ಮರ್ಯಾದೆ. ಮನೆತನದ ಹೆಸರಲ್ಲ.

ಮೈಸೂರು ಸೀಮೆಯಲ್ಲಿ ಇದು ರಾಜಮನೆತನದ ಬೀಗರ ಗುರುತಾಯಿತು. ಅರಮನೆಗೆ ಹೆಣ್ಣು ಕೊಟ್ಟು, ಅರಮನೆಯಿಂದ ಹೆಣ್ಣು ತಂದುಕೊಳ್ಳುತ್ತಿದ್ದ ಕೆಲವೇ ಮನೆತನಗಳು. ನಂಜನಗೂಡು ತಾಲ್ಲೂಕಿನ ಕಳಲೆಯವರು ಅವರಲ್ಲಿ ಒಬ್ಬರು. ಮೈಸೂರಿನ ದಳವಾಯಿಗಳು ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಅದು ಈ ಕಳಲೆ ಮನೆತನ. ಬೆಟ್ಟದಕೋಟೆಯವರು ಇನ್ನೊಂದು.

ಇಂಗ್ಲಿಷಿನ ಆ ಮೂರಕ್ಷರ ಬಂದದ್ದು ಕಂಪನಿಯವರ ಕಿವಿಯಿಂದ. ನಮ್ಮ ಹ್ರಸ್ವ ‘ಅ’ಕಾರವನ್ನು ಅವರು ‘ಯು’ ಅಕ್ಷರ ಹಾಕಿ ಬರೆಯುತ್ತಿದ್ದರು. ಪಂಜಾಬ್, ಲಕ್ನೋ ಎರಡರ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ, ಅದೇ ‘ಯು’ ಸಿಗುತ್ತೆ. ‘ಅರಸ್’ ಎಂದು ಬೇಗ ಹೇಳಿದರೆ ನಡುವಿನ ಸ್ವರ ಜಾರಿಹೋಗುತ್ತೆ. ಉಳಿದದ್ದು ಯು, ಆರ್, ಎಸ್. ಇಂಗ್ಲಿಷ್ ಕಾಗದಪತ್ರ ಬಂದಮೇಲೆ ಹೆಸರಿನ ಕೊನೆಯ ಪದವಿ ಸರ್‌ನೇಮ್ ಕಾಲಂ ಸೇರಿತು.

ನಮ್ಮ ತಾತನನ್ನು ಹುಣಸೂರಿನ ಕಡೆ ಊರಲ್ಲಿ ಎಲ್ಲರೂ ‘ಬುದ್ಧಿ’ ಅಂತಲೇ ಕರೆಯುತ್ತಿದ್ದರು. ಆ ಬುದ್ಧಿಯವರು ಬೆಳೆಯುತ್ತಿದ್ದದ್ದು ಹೊಗೆಸೊಪ್ಪು, ರಾಗಿ. ಹೆಸರಲ್ಲಿ ರಾಜ, ಕೈಯಲ್ಲಿ ಗುದ್ದಲಿ. ಅರಸು ಮನೆಗಳಲ್ಲಿ ಅಂಥವೇ ಹೆಚ್ಚು.

ಹೆಸರಿನ ನಕ್ಷೆ

ಇಂಗ್ಲೆಂಡಿನಲ್ಲಿ ಅಪರೂಪದ ಸರ್‌ನೇಮ್ ಹಿಡಿದು ಅದರ ಬೇರು ಹುಡುಕೋದು ಒಂದು ದೊಡ್ಡ ಹವ್ಯಾಸ. ಒಂದೇ ಹೆಸರಿನ ಬೆನ್ನುಹತ್ತುವವರಿಗಾಗಿ 1979ರಿಂದ ಒಂದು ಸಂಘವೇ ಇದೆ. ಅಲ್ಲಿನ 1881ರ ಜನಗಣತಿಯ ಹೆಸರುಗಳನ್ನು ನಕ್ಷೆಯ ಮೇಲೆ ಹಾಕಿದ್ದಾರೆ. ನೋಡಿದರೆ ಅಪರೂಪದ ಹೆಸರುಗಳು ಎಷ್ಟೋ ಸಲ ಒಂದೇ ಜಿಲ್ಲೆಯಲ್ಲಿ ಗುಂಪಾಗಿ ಕಾಣುತ್ತವೆ. ಅಲ್ಲೂ ಸರ್‌ನೇಮ್‌ಗಳು ಹುಟ್ಟಿದ್ದು ನಮ್ಮಲ್ಲಿನ ಹಾಗೆಯೇ: ಊರಿನಿಂದ, ಕಸುಬಿನಿಂದ, ಅಪ್ಪನ ಹೆಸರಿನಿಂದ, ಅಡ್ಡಹೆಸರಿನಿಂದ. ನಮ್ಮಲ್ಲಿ ಗೋಕಾಕ, ಕಾರ್ನಾಡ ಊರಿನವು. ಕಂಬಾರ ಕಸುಬಿನದು. ಪಾಟೀಲ, ಕುಲಕರ್ಣಿ ಹಳೇ ಹುದ್ದೆಗಳು. ಕೊಡಗಿನಲ್ಲಿ ಮನೆತನದ ಹೆಸರು ಮುಂದೆಯೇ ಬರುತ್ತೆ. ಸೇನೆಯ ಮುಖ್ಯಸ್ಥರಾದ ಕೆ.ಎಂ. ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ ಇಬ್ಬರ ‘ಕೆ’ ಕೂಡ ಕೊಡಂದೇರ.

ನಾನೂ ಅರಸ್‌ಗಳ ಒಂದು ನಕ್ಷೆ ಮಾಡಿದೆ, ಫೋನಿನ ಮ್ಯಾಪ್‌ನಲ್ಲಿ ಪಿನ್ ಚುಚ್ಚಿ. ಹೆಸರು ಮಾಡಿದವರಿಂದ ಶುರು. ಮುಖ್ಯಮಂತ್ರಿ ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ‘ವೈಶಾಖ’ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಚದುರಂಗ ಗೊತ್ತಲ್ಲ, ಅವರ ನಿಜ ಹೆಸರು ಸುಬ್ರಹ್ಮಣ್ಯರಾಜೇ ಅರಸು. ಹುಟ್ಟಿದ್ದು 1916ರ ಜನವರಿ 1, ಅದೇ ಕಲ್ಲಹಳ್ಳಿ. ಐದು ತಿಂಗಳೂ ತುಂಬದ ಅಂತರದಲ್ಲಿ ಒಂದು ಸಣ್ಣ ಹಳ್ಳಿಗೆ ಇಬ್ಬರು. 1950ರಲ್ಲಿ ‘ರಾಜ ವಿಕ್ರಮ’ ಸಿನಿಮಾ ಮಾಡಿದ ಕೆಂಪರಾಜ ಅರಸ್ ದೇವರಾಜ ಅರಸರ ತಮ್ಮ. ಪಿನ್‌ಗಳೆಲ್ಲ ಹುಣಸೂರು, ನಂಜನಗೂಡು, ಮೈಸೂರು ಅಂತ ಒಂದರ ಮೇಲೊಂದು ಬಿದ್ದವು. ಬಸ್ಸಿನಲ್ಲಿ ಬೆಳಗ್ಗೆ ಹೊರಟರೆ ಸಂಜೆಯೊಳಗೆ ನನ್ನ ಸರ್‌ನೇಮಿನ ರಾಜ್ಯವನ್ನೆಲ್ಲ ಸುತ್ತಿ ಬರಬಹುದು.

ಇಷ್ಟು ಸಣ್ಣ ಸಮುದಾಯದವರಾಗಿದ್ದೂ ದೇವರಾಜ ಅರಸು 1972ರಿಂದ 1980ರ ಆರಂಭದವರೆಗೆ, ನಡುವೆ ಒಂದೆರಡು ತಿಂಗಳು ಬಿಟ್ಟರೆ, ಮುಖ್ಯಮಂತ್ರಿಯಾಗಿದ್ದರು. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಅಂತ ಹೆಸರು ಬಂದದ್ದೂ ಅವರ ಕಾಲದಲ್ಲೇ. ಚಿಕ್ಕ ಚಿಕ್ಕ ಹಿಂದುಳಿದ ಸಮುದಾಯಗಳನ್ನು ಒಟ್ಟು ಕಟ್ಟಿದ್ದೇ ಅವರ ಬಲ.

ಇದೇ ಮೂರಕ್ಷರ ಬೇರೆ ಕಡೆಯೂ ಸಿಗುತ್ತವೆ, ಅದೊಂದು ತಮಾಷೆ. ಸ್ವಿಟ್ಜರ್ಲೆಂಡಿನಲ್ಲಿ ಉರ್ಸ್ ಅಂದರೆ ಗಂಡಸರ ಹೆಸರು. ಮೂಲ ಲ್ಯಾಟಿನ್, ಅರ್ಥ ಕರಡಿ. ಗೂಗಲ್ಲಿನ ಮೊದಲ ಉದ್ಯೋಗಿಗಳಲ್ಲಿ ಒಬ್ಬರಾದ ಉರ್ಸ್ ಹೋಲ್ಜಲೆ ಆ ಪೈಕಿ. ನಮ್ಮ ದರ್ಗಾಗಳಲ್ಲಿ ನಡೆಯುವ ಉರುಸ್ ಇನ್ನೊಂದು, ಅರಬ್ಬಿ ಮೂಲದ್ದು, ಅರ್ಥ ಮದುವೆ. ರಾಜ, ಕರಡಿ, ಮದುವೆ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ! ಸ್ಪೆಲ್ಲಿಂಗ್ ಒಂದೇ ಆದ ಮಾತ್ರಕ್ಕೆ ಬಂಧುಗಳಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ನಕ್ಷೆಯಲ್ಲಿ ಇಲ್ಲದವರು

ಸರ್‌ನೇಮ್ ಒಂದೇ ಇದ್ದರೆ ರಕ್ತವೂ ಒಂದೇನಾ? ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಇದನ್ನು ತಮ್ಮ ಸರ್‌ನೇಮಿನ ಮೇಲೆಯೇ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಸೈಕ್ಸ್ ಅನ್ನೋದು ಯಾರ್ಕ್‌ಷೈರ್ ಕಡೆಯ ಹೆಸರು, ಸಣ್ಣ ತೊರೆ ಎಂಬ ಅರ್ಥದ್ದು. ಆ ಹೆಸರಿನ 48 ಗಂಡಸರ ವೈ ಕ್ರೋಮೋಸೋಮ್ ನೋಡಿದರು. ಇದು ಅಪ್ಪನಿಂದ ಮಗನಿಗೆ ಮಾತ್ರ ಬರುವಂಥದ್ದು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದು ಒಂದೇ ಬಗೆಯಾಗಿತ್ತು. ಬಹುಶಃ ನೂರಾರು ವರ್ಷ ಹಿಂದಿನ ಒಬ್ಬನೇ ಮೂಲಪುರುಷ. ಉಳಿದರ್ಧ ಜನರಿಗೆ ಹೆಸರು ಬೇರೆ ದಾರಿಯಿಂದ ಬಂದಿತ್ತು.

ನಮ್ಮಲ್ಲಿ ಆ ಬೇರೆ ದಾರಿ ಗುಟ್ಟೇನಲ್ಲ, ದರ್ಬಾರಿನಲ್ಲೇ ನಡೆದದ್ದು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದಕೋಟೆಯ ಅರಸು ಮನೆತನದ ಹುಡುಗನನ್ನು ದತ್ತು ತಗೊಂಡರು. ಅರಸ್ ಆಗಿ ಹುಟ್ಟಿದವರು ಚಾಮರಾಜ ಒಡೆಯರಾಗಿ 1881ರಲ್ಲಿ ರಾಜ್ಯ ವಾಪಸ್ ಪಡೆದರು. 2015ರಲ್ಲಿ ಯದುವೀರ ಗೋಪಾಲರಾಜ್ ಅರಸ್ ದತ್ತು ಹೋಗಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಆದದ್ದನ್ನು ನಾವೆಲ್ಲ ಟಿವಿಯಲ್ಲೇ ನೋಡಿದೆವು.

ಆದರೆ ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ನನ್ನ ಪಿನ್‌ಗಳಲ್ಲಿ ಒಂದಾದರೂ ಹೆಣ್ಣಿನ ಹೆಸರಿದೆಯಾ ಅಂತ ನೋಡಿದೆ. ಇರಲಿಲ್ಲ. ಅರಸು ಮನೆಗಳಲ್ಲಿ ಹೆಣ್ಣುಮಕ್ಕಳು ಇರಲಿಲ್ಲ ಅಂತಲ್ಲ. ಅವರ ಹೆಸರು ಅರಸ್ ಅಂತ ಮುಗಿಯುತ್ತಿರಲಿಲ್ಲ, ಅಮ್ಮಣ್ಣಿ ಅಂತ ಮುಗಿಯುತ್ತಿತ್ತು.

ಒಂದೇ ಮನೆಯ ಉದಾಹರಣೆ ಸಾಕು. ಚಾಮರಾಜ ಒಡೆಯರು ತೀರಿಕೊಂಡ ಮೇಲೆ 1895ರಿಂದ 1902ರವರೆಗೆ ಮೈಸೂರನ್ನು ರೀಜೆಂಟ್ ಆಗಿ ಆಳಿದವರು ಅವರ ಪತ್ನಿ ಕೆಂಪನಂಜಮ್ಮಣ್ಣಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ, ಹಿರಿಯೂರಿನ ವಾಣಿವಿಲಾಸ ಸಾಗರ ಎರಡೂ ಅವರ ಬಿರುದಿನ ಹೆಸರಲ್ಲೇ ಇವೆ. ಅವರ ಸೋದರ ಸರ್ ಎಂ. ಕಾಂತರಾಜ ಅರಸ್, ವಿಶ್ವೇಶ್ವರಯ್ಯನವರ ನಂತರ 1922ರವರೆಗೆ ದಿವಾನರು. ಒಂದೇ ತಾಯಿತಂದೆಯ ಮಕ್ಕಳು. ಅಣ್ಣತಮ್ಮಂದಿರ ಹೆಸರು ಅರಸ್ ಆಗಿ ಇಂದಿಗೂ ಸಾವಿರಾರು ಆಧಾರ್ ಕಾರ್ಡುಗಳಲ್ಲಿದೆ. ಅಕ್ಕತಂಗಿಯರ ಹೆಸರು ಸರ್‌ನೇಮ್ ಆಗಲೇ ಇಲ್ಲ.

ನಮ್ಮ ಅಜ್ಜಿ ಕೂಡ ಅಮ್ಮಣ್ಣಿಯೇ. ಅಮ್ಮನ ಕಾಲಕ್ಕೆ ಅದು ‘ದೇವಿ’ ಆಯಿತು. ನನ್ನ ಕಾಲಕ್ಕೆ ಶಾಲೆಯ ದಾಖಲಾತಿಯಲ್ಲಿ ಅಪ್ಪನ ‘ಅರಸ್’ ಬಂದು ಕೂತಿತು. ಮೂರೇ ತಲೆಮಾರಿನಲ್ಲಿ ಒಂದು ಹೆಸರು ಅಳಿಸಿಹೋಯಿತು, ಯಾರೂ ಗಮನಿಸಲಿಲ್ಲ.

ಕೊನೆಗೆ ಏನು ಬರೆದೆವು

ನನ್ನ ಗಂಡ ಹಾಸನದ ಕಡೆಯವರು. ಸರ್‌ನೇಮ್ ಇಲ್ಲ, ಎರಡು ಇನಿಷಿಯಲ್ ಇವೆ. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯವಲ್ಲ, ನಿಜ. ಆದರೆ 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ ನಿಯಮ ಬಿಗಿ ಮಾಡಿದಾಗ ಎಷ್ಟೋ ಜನ ಪರದಾಡಿದರು. ಅಮೆರಿಕದ ಕಾಗದಗಳಲ್ಲಿ ಸರ್‌ನೇಮ್ ಇಲ್ಲದವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬೀಳುತ್ತೆ. ಹೆಸರು ಗೊತ್ತಿಲ್ಲ ಅಂತ ಅರ್ಥ! “ನನ್ನ ಮಗಳಿಗೆ ಆ ಕಾಟ ಬೇಡ ಕಣೇ, ಏನಾದ್ರೂ ಒಂದು ಸರ್‌ನೇಮ್ ಇರ್ಲಿ” ಅಂದರು.

ನಾನು ‘ಅಮ್ಮಣ್ಣಿ’ ಅಂದೆ.

ಅಪ್ಪಾಜಿ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಅದು ಮನೆತನದ ಹೆಸರಲ್ಲ ಕಣಮ್ಮ. ಮರ್ಯಾದೆಗೆ ಸೇರಿಸ್ತಿದ್ದದ್ದು” ಅಂದರು.

“ಅರಸ್ ಕೂಡ ಮರ್ಯಾದೆಗೆ ಸೇರಿಸ್ತಿದ್ದದ್ದೇ ಅಲ್ವಾ ಅಪ್ಪಾಜಿ? ಮನೆತನದ ಹೆಸರಾಗಿದ್ದು ಬರೀತಾ ಬರೀತಾ.”

ಅತ್ತೆಯದು ಬೇರೆ ಸಂಕಟ. “ಮಗೂ ಹೆಸರಲ್ಲಿ ನಮ್ಮ ಕಡೇದು ಒಂದಕ್ಷರನೂ ಬೇಡ್ವೇನಮ್ಮಾ?” ಅಂತ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಅದರದೇ ಕಾಲಂ ಇದೆ, ಎಲ್ಲೂ ಹೋಗಲ್ಲ ಅಂತ ಗಂಡ ಸಮಾಧಾನ ಮಾಡಿದರು. ಅತ್ತೆಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಮಗುವಿನ ಮೊದಲ ಹೆಸರು ಅವರ ಅಮ್ಮನದೇ ಅಂತ ಗೊತ್ತಾದ ಮೇಲೆ ಮಾತು ಮುಂದುವರಿಸಲಿಲ್ಲ.

ಇದರಿಂದ ತೊಂದರೆ ಇಲ್ಲ ಅಂತಲ್ಲ. ನನ್ನ ಸರ್‌ನೇಮ್ ಒಂದು, ಗಂಡನಿಗೆ ಇಲ್ಲ, ಮಗಳದು ಇನ್ನೊಂದು. ಏರ್‌ಪೋರ್ಟಿನಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ, ಅವಳ ಜನನ ಪ್ರಮಾಣಪತ್ರದ ಒಂದು ಪ್ರತಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು. ಎಂ ಎರಡು, ಎನ್ ಎರಡು ಅಂತ ಪ್ರತಿ ಕೌಂಟರಿನಲ್ಲೂ ಹೇಳಬೇಕು. ಕಾಲೇಜಲ್ಲಿ ರೇಗಿಸಬಹುದು. ದೊಡ್ಡವಳಾದ ಮೇಲೆ ಬೇಡ ಅನಿಸಿದರೆ ಬದಲಾಯಿಸಿಕೊಳ್ಳಲಿ. ಅಷ್ಟರಲ್ಲಿ ಅದೊಂದು ಹೆಸರಿತ್ತು ಅನ್ನೋದಾದರೂ ಅವಳಿಗೆ ಗೊತ್ತಿರುತ್ತೆ.

ಅರ್ಜಿ ಕೊಟ್ಟ ದಿನ ಅತ್ತೆ ಕೇಳಿದರು, ಇಂಥ ಹೆಸರು ಈಗ ಎಲ್ಲಾದ್ರೂ ಉಳಿದಿದೆಯಾ ಅಂತ. ಇದೆ. ನಮ್ಮ ಶ್ರೀರಾಂಪುರದ ಪಕ್ಕದಲ್ಲೇ. ನಾವು ವಾಕಿಂಗ್ ಹೋಗುವ, ಚಳಿಗಾಲದಲ್ಲಿ ಹಕ್ಕಿ ನೋಡೋಕೆ ಜನ ಕ್ಯಾಮೆರಾ ಹೊತ್ತು ಬರುವ ಲಿಂಗಾಂಬುಧಿ ಕೆರೆ. ಮುಮ್ಮಡಿಯವರ ಕಾಲದ್ದು, 1828ರದು. ರಾಣಿ ಲಿಂಗಾಜಮ್ಮಣ್ಣಿಯವರ ಹೆಸರು ಅದಕ್ಕೆ.

ನಿಮ್ಮ ಹೆಸರಿನ ಕೊನೆಯಲ್ಲಿರೋದು ಎಲ್ಲಿಂದ ಬಂತು? ನಿಮ್ಮ ಅಜ್ಜಿಯ ಹೆಸರು ಹೇಗೆ ಮುಗಿಯುತ್ತಿತ್ತು? ಈ ವಾರ ಮನೆಯಲ್ಲಿ ಕೇಳಿ ನೋಡಿ. ಉತ್ತರ ಗೊತ್ತಿರುವವರು ಇನ್ನೂ ಇರುವಾಗಲೇ ಕೇಳಿ, ನಮಗೂ ಬರೆದು ತಿಳಿಸಿ.