ಅಧ್ಯಾಪಕಿಯರ ಬಳಗ: ಸಭೆ ನಡೆಸುವ ಬಗೆ

ತುರ್ಭೆಯಲ್ಲಿ ವಾಶಿ ಲೋಕಲ್ ಹತ್ತಿದರೆ ಸಾನ್ಪಾಡಾ ಆದ ಮೇಲೆ ಇಳಿಯುವುದೇ. ವಾಶಿಯ ಸೆಕ್ಟರ್ 10ಎಯಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಕೇಂದ್ರ ಕಚೇರಿಯಿದೆ. ಮುಂಬಯಿಯ ಕೆಲವು ಮಹಿಳಾ ವಿಜ್ಞಾನಿಗಳು 1973ರಲ್ಲಿ ಕಟ್ಟಿದ ಈ ಸಂಘಕ್ಕೆ ಈಗ ಬೆಂಗಳೂರೂ ಸೇರಿ ದೇಶದ ಹಲವು ಊರುಗಳಲ್ಲಿ ಶಾಖೆಗಳಿವೆ. ವಾಶಿಯ ಕಟ್ಟಡದಲ್ಲಿ ಉಪನ್ಯಾಸ, ಕಾರ್ಯಾಗಾರಗಳಷ್ಟೇ ಅಲ್ಲ, ದುಡಿಯುವ ಹೆಂಗಸರಿಗೆ ಹಾಸ್ಟೆಲ್ಲೂ ಮಕ್ಕಳಿಗೆ ಡೇಕೇರೂ ಉಂಟು. ಸಂಶೋಧನೆ ನಿಲ್ಲುವುದು ಮಗುವನ್ನು ನೋಡಿಕೊಳ್ಳುವವರಿಲ್ಲದಾಗ ಎಂಬುದನ್ನು ಸಂಘದವರು ಚೆನ್ನಾಗಿ ಅರಿತಿದ್ದರು.

ಮುಂಬಯಿಗೆ ಇಂಥ ಬಳಗಗಳು ಹೊಸತಲ್ಲ. 1974ರಲ್ಲಿ ನೀರಾ ದೇಸಾಯಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನಕ್ಕೊಂದು ಸಂಶೋಧನಾ ಕೇಂದ್ರ ಕಟ್ಟಿದರು. 1981ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಅಧ್ಯಯನ ಸಮ್ಮೇಳನ ನಡೆಯಿತು. ಮರುವರ್ಷ ಭಾರತೀಯ ಮಹಿಳಾ ಅಧ್ಯಯನ ಸಂಘ ಹುಟ್ಟಿತು. ಮುಂಬಯಿ ಕನ್ನಡತಿಯರಿಗೆ ‘ಸೃಜನಾ’ ಲೇಖಕಿಯರ ಬಳಗವಿದೆ. ದೊಡ್ಡ ಸಂಘಗಳ ಮಾತು ಹಾಗಿರಲಿ. ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಯ ಕಾಲೇಜುಗಳಲ್ಲಿ ಪಾಠ ಹೇಳುವ ಹತ್ತು ಹನ್ನೆರಡು ಮಂದಿ ತಾವೇ ಒಂದು ಬಳಗ ಕಟ್ಟಿಕೊಳ್ಳಬೇಕೆಂದರೆ ಅದು ಹೇಗೆ ನಡೆಯಬೇಕು?

ಮೊದಲು ಒಪ್ಪಬೇಕಾದ್ದು

ಇಂಥ ಬಳಗದಲ್ಲಿ ಮೂರು ಬಗೆಯವರು ಸೇರುತ್ತಾರೆ. ಗಂಟೆಗಿಷ್ಟು ಎಂದು ಸಂಬಳ ಪಡೆಯುವ ಸಿಎಚ್‌ಬಿ ಉಪನ್ಯಾಸಕಿ, ಪಿಎಚ್‌.ಡಿ. ವಿದ್ಯಾರ್ಥಿನಿ, ಕಾಯಂ ಪ್ರಾಧ್ಯಾಪಕಿ. ಎಲ್ಲರೂ ಹೆಂಗಸರೇ ಆದ ಮಾತ್ರಕ್ಕೆ ಎಲ್ಲರೂ ಸಮಾನರಾಗುವುದಿಲ್ಲ. ಮುಂದಿನ ವರ್ಷ ತನಗೆ ಪಾಠ ಸಿಗಬೇಕೋ ಬೇಡವೋ ಎಂದು ತೀರ್ಮಾನಿಸುವ ವಿಭಾಗ ಮುಖ್ಯಸ್ಥೆ ಎದುರಿಗೆ ಕುಳಿತಿದ್ದರೆ ಸಿಎಚ್‌ಬಿಯವಳು ಬಾಯಿ ಬಿಡುವುದು ಕಷ್ಟ. ಆದ್ದರಿಂದ ಮೊದಲ ನಿಯಮ: ಒಬ್ಬರ ಕೆಲಸ, ಅಂಕ, ಪ್ರಬಂಧದ ಮೇಲೆ ಅಧಿಕಾರವಿರುವವರು ಅವರಿರುವ ಚರ್ಚಾಗುಂಪಿನಲ್ಲಿ ಕೂರಬಾರದು. ಗೈಡ್ ಒಂದು ಗುಂಪಿನಲ್ಲಿ, ವಿದ್ಯಾರ್ಥಿನಿ ಇನ್ನೊಂದರಲ್ಲಿ.

ಎರಡನೆಯದು ಗುಟ್ಟು. ಲಂಡನ್ನಿನ ಚಾಥಮ್ ಹೌಸ್ 1927ರಲ್ಲೇ ಇದಕ್ಕೊಂದು ನಿಯಮ ಮಾಡಿತು: ಸಭೆಯಲ್ಲಿ ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಮಾತ್ರ ತಿಳಿಸಬಾರದು. ನಮ್ಮಲ್ಲಿ ಇದಿಷ್ಟೇ ಸಾಲದು. ವಿಷಯ, ಯಾವ ಊರು ಎಂದು ಹೇಳಿದರೂ ಆಳನ್ನು ಹೇಳಿದಂತೆಯೇ. ಸ್ಕ್ರೀನ್‌ಶಾಟ್ ಬೇಡ, ರೆಕಾರ್ಡಿಂಗ್ ಬೇಡ, ವಾಟ್ಸ್ಯಾಪ್ ಗುಂಪಿನಲ್ಲಿ ಸಭೆಯ ವರದಿ ಬೇಡ.

ಮೂರನೆಯದು ಶ್ರೇಯ. ಸಭೆಯಲ್ಲಿ ಒಬ್ಬರು ಹೇಳಿದ ಸಂಶೋಧನೆಯ ಹೊಳಹನ್ನು ಇನ್ನೊಬ್ಬರು ಲೇಖನ ಮಾಡುವುದಾದರೆ ಮೊದಲು ಕೇಳಬೇಕು, ಆಮೇಲೆ ಹೆಸರು ಹಾಕಬೇಕು.

ಸಭೆಯ ಕ್ರಮ

ಒಂದೂವರೆ ಗಂಟೆ ಸಾಕು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಎರಡು ನಿಮಿಷ: ಕಳೆದ ಸಭೆಯ ನಂತರ ಏನಾಯಿತು, ಈಗ ಏನು ಬೇಕು. ಕಿರಿಯರಿಂದ ಶುರುವಾಗಲಿ, ಹಿರಿಯರು ಮೊದಲು ಮಾತಾಡಿದರೆ ಉಳಿದವರು ಹೌದು ಹೌದು ಎನ್ನುವುದರಲ್ಲೇ ಸಭೆ ಮುಗಿಯುತ್ತದೆ. ಆಮೇಲೆ ಇಬ್ಬರ ಸಮಸ್ಯೆಯನ್ನು ಮಾತ್ರ ವಿವರವಾಗಿ ತೆಗೆದುಕೊಳ್ಳಬೇಕು. ಸಮಸ್ಯೆ ಹೇಳುವವರು ಮೊದಲೇ ತಿಳಿಸಲಿ: ನನಗೆ ಸಲಹೆ ಬೇಕು, ಅಥವಾ ಸುಮ್ಮನೆ ಕೇಳಿಸಿಕೊಂಡರೆ ಸಾಕು. ಕೇಳದೆ ಸಲಹೆ ಕೊಡುವುದು ನಮ್ಮಲ್ಲಿ ಅಂಟುರೋಗ. ‘ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟವಿತ್ತು’ ಎಂಬ ಮಾತಿಗೆ ಸಭೆಯಲ್ಲಿ ಜಾಗವಿಲ್ಲ.

ಸಮಯ ನೋಡುವವರು, ಟಿಪ್ಪಣಿ ಬರೆಯುವವರು, ಚಹಾ ತರಿಸುವವರು ಪ್ರತಿ ಸಲವೂ ಬದಲಾಗಬೇಕು. ಚಹಾದ ಕೆಲಸ ಯಾವಾಗಲೂ ಕಿರಿಯಳ ಪಾಲಿಗೇ ಬರುತ್ತಿದ್ದರೆ ಸಮಾನತೆಯ ಮಾತು ಕಾಗದದಲ್ಲೇ ಉಳಿದಿದೆ ಎಂದರ್ಥ. ಟಿಪ್ಪಣಿಯಲ್ಲಿ ಯಾರ ಗೋಳೂ ಇರಬಾರದು. ಯಾರು, ಏನನ್ನು, ಯಾವ ದಿನದೊಳಗೆ ಮಾಡುತ್ತಾರೆ ಎಂಬುದಿಷ್ಟೇ ಸಾಕು.

ಕಾಲೇಜಿನ ಸ್ಟಾಫ್ ಮೀಟಿಂಗಿಗೂ ಹೊಂದುವ ಒಂದು ಉಪಾಯವಿದೆ. ಒಬಾಮ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಮಹಿಳಾ ಸಿಬ್ಬಂದಿ ಮಾಡಿಕೊಂಡಿದ್ದ ಒಪ್ಪಂದ ಇದು: ಒಬ್ಬಾಕೆ ಒಳ್ಳೆಯ ಮಾತು ಹೇಳಿದರೆ ಇನ್ನೊಬ್ಬಾಕೆ ಅದನ್ನು ಅವಳ ಹೆಸರು ಹಿಡಿದೇ ಪುನಃ ಹೇಳುವುದು. ಹಾಗೆ ಮಾಡಿದರೆ ಅದೇ ಮಾತನ್ನು ಹತ್ತು ನಿಮಿಷದ ಮೇಲೆ ಮತ್ತೊಬ್ಬರು ತಮ್ಮದೆಂದು ಹೇಳಲು ಆಗುವುದಿಲ್ಲ.

ದೂರು ಬಂದಾಗ

ಯಾರಾದರೂ ಲೈಂಗಿಕ ಕಿರುಕುಳದ ವಿಷಯ ತೆಗೆದರೆ ಬಳಗ ಪಂಚಾಯಿತಿ ಮಾಡಕೂಡದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲಾಗದವರಿಗೆ ಬರೆಯಲು ನೆರವಾಗುವುದು ಸಮಿತಿಯದೇ ಹೊಣೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರುದಾರಳ ಗುರುತು ಬಯಲು ಮಾಡುವುದನ್ನು ಕಾಯ್ದೆ ನಿಷೇಧಿಸಿದೆ. ಬಳಗ ಮಾಡಬೇಕಾದ್ದು ಇಷ್ಟೇ: ಕೇಳಿಸಿಕೊಳ್ಳುವುದು, ಗಡುವು ನೆನಪಿಸುವುದು, ತಾರೀಖುಗಳನ್ನೂ ಸಂದೇಶಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಲು ಹೇಳುವುದು. ದೂರು ಕೊಡುವ, ಬಿಡುವ ನಿರ್ಧಾರ ಅವಳದು.

ರಜೆಯ ವಿಷಯದಲ್ಲೂ ಬಳಗ ಉಪಕಾರಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ. ವಿದ್ಯಾರ್ಥಿನಿಗೆ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಸಿಗಬಹುದು, ಪ್ರಬಂಧ ಮುಗಿಸಲು ಎರಡು ವರ್ಷದ ಹೆಚ್ಚುವರಿ ರಿಯಾಯಿತಿಯೂ ಇದೆ. ಕೇಳಬಹುದು ಎಂದು ಹೇಳುವವರು ಇಲ್ಲದ್ದರಿಂದಲೇ ಎಷ್ಟೋ ಮಂದಿ ಕೇಳುವುದಿಲ್ಲ.

ಎಲ್ಲಿ, ಯಾವಾಗ

ಭಾನುವಾರ ಸೇರುವುದಾದರೆ ಮೊದಲು ರೈಲ್ವೆಯ ಮೆಗಾಬ್ಲಾಕ್ ಪಟ್ಟಿ ನೋಡಿ. ಡೊಂಬಿವಲಿ, ಕಲ್ಯಾಣದವರು ಠಾಣೆಯಲ್ಲಿ ಗಾಡಿ ಬದಲಿಸಬೇಕು. ಪನವೇಲ್ ಕಡೆಯವರಿಗೆ ಜುಯಿನಗರ, ನೆರುಳ್ ಮಾರ್ಗವಿದೆ. ಇಬ್ಬರಿಗೂ ತುರ್ಭೆ ನಡುವಿನ ಜಾಗ. ಕತ್ತಲಾಗುವ ಮೊದಲು ಮುಗಿಸಿ. ಮಗುವನ್ನು ಕರೆತಂದವರಿಗೆ ಸ್ವಾಗತವಿರಲಿ. ಬರಲಾಗದವರಿಗೆ ಫೋನಿನಲ್ಲೇ ಸೇರುವ ಅನುಕೂಲವಿರಲಿ.

ಹಣ ಕೂಡಿಸಿ, ಬ್ಯಾಂಕ್ ಖಾತೆ ತೆರೆಯುವ ಹಂತ ಬಂದಾಗಲೇ ನೋಂದಣಿಯ ಯೋಚನೆ ಸಾಕು. 1860ರ ಸೊಸೈಟಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಎಂದೂ ನೋಂದಾಯಿಸಬೇಕು. ಅಲ್ಲಿಯವರೆಗೆ ಒಂದು ಪುಟದ ನಿಯಮಾವಳಿ ಧಾರಾಳವಾಯಿತು. ಹೊಸಬರು ಬಂದಾಗಲೆಲ್ಲ ಅದನ್ನು ಗಟ್ಟಿಯಾಗಿ ಓದಿ, ಒಪ್ಪದ ಸಾಲಿದ್ದರೆ ಅಲ್ಲೇ ತಿದ್ದಿ. ಮತ್ತು ಮುಂದಿನ ಸಭೆಯ ತಾರೀಖು ನಿಗದಿಯಾಗದೆ ಯಾರೂ ಎದ್ದು ಹೋಗಬೇಡಿ.