ಬಸ್ಸಿಲ್ಲದ ಒಂದು ಶುಕ್ರವಾರ

ರೋಮಿನಲ್ಲಿ ಓದಿ ಬಂದ ಗುರುಗಳೆಂದರೆ ನಮ್ಮ ಜನ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: ‘ಸ್ವಾಮಿ, ಅಲ್ಲಿ ಏನೇನು ನೋಡಿದಿರಿ?’ ಮೊನ್ನೆ ಹೆಬ್ಬಾಳದಲ್ಲಿ ಮನೆಯೊಂದರ ಆಶೀರ್ವಾದಕ್ಕೆ ಹೋದಾಗಲೂ ಆ ಮನೆಯ ಹಿರಿಯರು ಇದನ್ನೇ ಕೇಳಿದರು. ದೊಡ್ಡದೊಂದು ಪಟ್ಟಿಯನ್ನು ಅವರು ನಿರೀಕ್ಷಿಸಿದ್ದಂತಿತ್ತು. ನಿಜ ಹೇಳಬೇಕೆಂದರೆ, ಸಂತ ಪೇತ್ರರ ಮಹಾದೇವಾಲಯವೊಂದನ್ನು ಬಿಟ್ಟರೆ, ಮೊದಲ ಎರಡು ವರ್ಷಗಳಲ್ಲಿ ನಾನು ಕಂಡದ್ದು ಮೂರೇ: ವಸತಿಗೃಹದ ನನ್ನ ಕೋಣೆ, ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಇವೆರಡರ ನಡುವಣ ಬಸ್ಸಿನ ಕಿಟಕಿ. ರೋಮನ್ನು ನಾನು ನೋಡಿದ್ದು ಒಂದೇ ದಿನ, ಅದೂ ಬಸ್ಸು ಬಾರದಿದ್ದ ಕಾರಣ.

ಅದು 1999ರ ಮಾರ್ಚ್ ತಿಂಗಳು, ತಪಸ್ಸುಕಾಲದ ಒಂದು ಶುಕ್ರವಾರ. ಸಂತ ಅಗಸ್ಟೀನರು ‘ಸ್ಮೃತಿ’ಯ ಕುರಿತು ನಡೆಸಿದ ವಿಚಾರವೇ ನನ್ನ ಮಹಾಪ್ರಬಂಧದ ವಿಷಯವಾಗಿತ್ತು. ಹಿಂದಿನ ದಿನವಷ್ಟೇ ನನ್ನ ಮಾರ್ಗದರ್ಶಕರು ಮೂರನೆಯ ಅಧ್ಯಾಯವನ್ನು ಹಿಂದಿರುಗಿಸಿದ್ದರು. ಉಲ್ಲೇಖಗಳೆಲ್ಲ ಇವೆ, ಬರೆದವನು ಮಾತ್ರ ಎಲ್ಲಿಯೂ ಕಾಣುತ್ತಿಲ್ಲ ಎಂಬುದು ಅವರ ಆಕ್ಷೇಪ. ಜೂನ್ ತಿಂಗಳೊಳಗೆ ಅದನ್ನು ತಿದ್ದಿ ಒಪ್ಪಿಸಬೇಕಿತ್ತು. ಇದರ ಜೊತೆಗೆ ಇನ್ನೊಂದು ಸಂಕಟ. ಯಲಹಂಕದಿಂದ ಅಣ್ಣ ಬರೆದ ಕಾಗದ ಹದಿನೈದು ದಿನಗಳಿಂದ ನನ್ನ ಪ್ರಾರ್ಥನಾ ಪುಸ್ತಕದೊಳಗಿತ್ತು. ಅವ್ವನ ಮೂತ್ರಪಿಂಡಗಳು ಸೋತಿವೆ, ಕಾಲು ಬಾತಿದೆ, ನಿನಗೆ ತಿಳಿಸಬೇಡವೆಂದು ಆಕೆ ಹೇಳಿದ್ದಾಳೆ, ಆದರೂ ಬರೆಯುತ್ತಿದ್ದೇನೆ ಎಂದು ಅದರಲ್ಲಿತ್ತು. ಪ್ರಬಂಧ ಮುಗಿಸಿ ಮುಂದಿನ ವರ್ಷ ಬರುವೆನೆಂದು ನಾನು ಬರೆದ ಉತ್ತರ ಲಕೋಟೆಯೊಳಗೆ ಸಿದ್ಧವಾಗಿ ಚೀಲದಲ್ಲಿತ್ತು. ಅಂಚೆಗೆ ಹಾಕುವುದೊಂದೇ ಬಾಕಿ.

ಇಟಲಿಯಲ್ಲಿ ಸಾರಿಗೆ ನೌಕರರ ಮುಷ್ಕರಕ್ಕೂ ಒಂದು ಶಿಸ್ತುಂಟು. ನಮ್ಮ ಬಂದ್‌ಗಳಂತೆ ಬೆಳಗಿನಿಂದ ಸಂಜೆಯವರೆಗೆ ಎಲ್ಲವೂ ಸ್ತಬ್ಧವಲ್ಲ. ಬೆಳಿಗ್ಗೆ ಎಂಟೂವರೆಯವರೆಗೆ ಬಸ್ಸುಗಳು ಓಡುತ್ತವೆ, ಆ ಮೇಲೆ ನಿಲ್ಲುತ್ತವೆ, ಕೆಲಸದಿಂದ ಮರಳುವವರಿಗಾಗಿ ಸಂಜೆ ಐದಕ್ಕೆ ಮತ್ತೆ ಹೊರಡುತ್ತವೆ. ಈ ಲೆಕ್ಕ ನನಗೆ ತಿಳಿದಿರಲಿಲ್ಲ. ಎಂಟು ಮುಕ್ಕಾಲಿಗೆ ಔರೇಲಿಯಾ ರಸ್ತೆಯ ನಿಲ್ದಾಣದಲ್ಲಿ ನಿಂತಾಗ ಅಲ್ಲಿದ್ದವರು ಇಬ್ಬರೇ, ನಾನು ಮತ್ತು ನಮ್ಮ ವಸತಿಗೃಹದ ತಾಂಜಾನಿಯದ ಗುರುಮಿತ್ರರು. ಅವರು ವಿಕ್ಟೋರಿಯಾ ಸರೋವರದ ದಂಡೆಯ ಮೀನುಗಾರರ ಮನೆತನದವರು, ಆರಡಿ ಎತ್ತರದ ಆಳು. ‘ಕಾಲುಗಳನ್ನು ದೇವರು ಕೊಟ್ಟಿದ್ದಾನಲ್ಲ’ ಎಂದವರೇ ನಡೆಯತೊಡಗಿದರು. ಗ್ರಂಥಾಲಯದವರೆಗೆ ಮಾತ್ರ ಎಂದುಕೊಂಡು ನಾನೂ ಹಿಂಬಾಲಿಸಿದೆ.

2000ದ ಜ್ಯೂಬಿಲಿ ವರ್ಷಕ್ಕೆಂದು ಆಗ ರೋಮ್ ನಗರವೆಲ್ಲ ಸಾರವೆ ಕಟ್ಟಿಕೊಂಡು ನಿಂತಿತ್ತು. ಸಂತ ಪೇತ್ರರ ದೇವಾಲಯದ ಮುಂಭಾಗವೂ ಮುಸುಕು ಹೊದ್ದಿತ್ತು. ಬೆರ್ನಿನಿಯ ದೇವದೂತರು ಸಾಲಾಗಿ ನಿಂತ ಸೇತುವೆಯಿಂದ ತಿಬರ್ ನದಿಯನ್ನು ದಾಟಿದೆವು. ಗ್ರಂಥಾಲಯಕ್ಕೆ ನೇರವಾಗಿ ಹೋಗಬೇಕಿದ್ದವರು ಮಿತ್ರರ ಮಾತಿಗೆ ಬಲಕ್ಕೆ ತಿರುಗಿದೆವು. ಕಾಂಪೊ ದೆ ಫಿಯೋರಿ ಎಂಬ ಚೌಕದ ಸಂತೆಯಲ್ಲಿ ಅಗ್ಗಕ್ಕೆ ಕಿತ್ತಳೆ ಸಿಗುತ್ತದೆಂದು ಅವರು ಕೇಳಿದ್ದರಂತೆ.

ಕಿತ್ತಳೆ ಸಿಕ್ಕಿತು. ಅದರ ಜೊತೆಗೆ ಜಿಯೊರ್ದಾನೊ ಬ್ರೂನೋ ಕೂಡ ಸಿಕ್ಕಿದ. ತಲೆಯ ಮೇಲೆ ಮುಸುಕೆಳೆದುಕೊಂಡು, ಕೈಗಳನ್ನು ಪುಸ್ತಕದ ಮೇಲಿರಿಸಿ, ಸೊಪ್ಪು ತರಕಾರಿಗಳ ನಡುವೆ ಆ ಕಂಚಿನ ಮನುಷ್ಯ ನಿಂತಿದ್ದಾನೆ. 1600ರ ಫೆಬ್ರವರಿ 17ರಂದು ಅವನನ್ನು ಜೀವಂತ ಸುಟ್ಟದ್ದು ಅಲ್ಲಿಯೇ, ಪ್ರತಿಮೆ ಬಂದದ್ದು 1889ರಲ್ಲಿ. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅವನನ್ನು ಅರ್ಧ ಪುಟದಲ್ಲಿ ಮುಗಿಸಿದ್ದೆವು. ಅವನ ಎಲ್ಲ ವಿಚಾರಗಳನ್ನೂ ನಾನು ಒಪ್ಪುವವನಲ್ಲ, ಆದರೆ ಗುರುವಿನ ಕೊರಳಪಟ್ಟಿ ಧರಿಸಿ ಆ ಕಲ್ಲುಹಾಸಿನ ಮೇಲೆ ನಿಂತು ಕಿತ್ತಳೆ ಸುಲಿಯುವುದು ನನ್ನಿಂದಾಗಲಿಲ್ಲ. ಮರುವರ್ಷ, ಅವನ ಮರಣಕ್ಕೆ ನಾನೂರು ವರ್ಷ ತುಂಬಿದಾಗ, ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಸೊದಾನೊ ಅವರು ಆ ಘಟನೆಗೆ ವಿಷಾದ ವ್ಯಕ್ತಪಡಿಸಿದರು. ಸುದ್ದಿಯನ್ನು ಓದಿದಾಗ ಆ ಹಣ್ಣುಗಳ ನೆನಪಾಯಿತು.

ಪಾಂಥಿಯೋನಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸುಮಾರು 43 ಮೀಟರ್ ಅಗಲದ ಗುಮ್ಮಟ, ಅದರ ನೆತ್ತಿಯಲ್ಲಿ ತೆರೆದ ಒಂದು ಕಣ್ಣು, ಮಳೆ ಬಂದರೆ ನೀರು ನೇರ ಒಳಕ್ಕೆ. ರೋಮನ್ನರ ದೇವರುಗಳ ಮನೆ 609ರಲ್ಲಿ ದೇವಾಲಯವಾಯಿತು. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಗ್ರಂಥಾಲಯ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ನಾನು ಅದರ ಹೆಸರೆತ್ತಲಿಲ್ಲ, ಮಿತ್ರರೂ ಎತ್ತಲಿಲ್ಲ.

ನವೋನಾ ಚೌಕದಲ್ಲಿ ಕುಳಿತು ಎಣ್ಣೆ ಸವರಿದ ರೊಟ್ಟಿಯನ್ನು ತಿಂದೆವು. ಎದುರಿಗೆ ಬೆರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿ. ದಾನ್ಯೂಬ್, ಪ್ಲಾಟಾ, ನೈಲ್ ಮತ್ತು ನಮ್ಮ ಗಂಗೆ. ಗಂಗೆ ಅಲ್ಲಿ ಗಡ್ಡದ ಗಂಡಸು, ಕೈಯಲ್ಲೊಂದು ಹುಟ್ಟು! ನೈಲ್ ನದಿಯ ಮುಖಕ್ಕೆ ಬಟ್ಟೆ ಮುಚ್ಚಿದೆ, ಏಕೆಂದರೆ ಅದರ ಮೂಲ ಆಗ ಯುರೋಪಿನವರಿಗೆ ತಿಳಿದಿರಲಿಲ್ಲ. ಮಿತ್ರರು ಬಿದ್ದು ಬಿದ್ದು ನಕ್ಕರು. ‘ನಮ್ಮ ಅಜ್ಜನನ್ನು ಕೇಳಿದ್ದರೆ ಹೇಳುತ್ತಿದ್ದ, ಅದು ನಮ್ಮ ಸರೋವರದಿಂದಲೇ ಹೊರಡುವುದು’ ಎಂದರು. ‘ನಿಮ್ಮ ನದಿ ಗಂಗೆಯೇ?’ ಎಂದು ಕೇಳಿದರು. ಅಲ್ಲ, ನಾನು ಗಂಗೆಯನ್ನು ನೋಡಿಯೇ ಇಲ್ಲ, ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯೇ ನಮ್ಮ ನದಿ, ಅದೂ ಬತ್ತಿದೆ ಎಂದೆ. ‘ಹಾಗಾದರೆ ನಿಮ್ಮ ಊರಿನಲ್ಲಿ ನೋಡುವಂಥದ್ದೇನಿದೆ?’ ಯಲಹಂಕದ ಕೆರೆ ಎಂದೆ. ಆ ಮೇಲೆ ಮಾತು ಹೊರಡಲಿಲ್ಲ. ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಗೋಪುರವಿದೆ, ವರ್ಷಗಟ್ಟಲೆ ಅದರ ಪಕ್ಕದಲ್ಲಿಯೇ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇಳಿದು ನೋಡಿರಲಿಲ್ಲ. (2018ರಲ್ಲಿ ಹೆಬ್ಬಾಳದಲ್ಲಿ ಕಿಟ್ಟಯ್ಯನೆಂಬ ವೀರನ ಶಿಲಾಶಾಸನ ಪತ್ತೆಯಾಯಿತು. ಸುಮಾರು 750ನೆಯ ಇಸವಿಯದು, ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನವೆಂದು ವಿದ್ವಾಂಸರು ಹೇಳುತ್ತಾರೆ. ಈ ಬಾರಿ ತಡಮಾಡಲಿಲ್ಲ, ಹೋಗಿ ನೋಡಿ ಬಂದೆ.)

‘ನೀವು ಓದುತ್ತಿರುವ ಸಂತರ ಗುಡಿ ಇಲ್ಲೇ ಹಿಂದೆ ಇದೆಯಲ್ಲವೇ?’ ಎಂದರು ಮಿತ್ರರು. ಎರಡು ವರ್ಷ ಅಗಸ್ಟೀನರನ್ನು ಲತೀನಿನಲ್ಲಿ ಓದಿದವನು ನಾನು, ಅವರ ಹೆಸರಿನ ದೇವಾಲಯದೊಳಗೆ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಮುಚ್ಚಿದ ಬಾಗಿಲು ನಾಲ್ಕಕ್ಕೆ ತೆರೆಯಿತು.

ಅಗಸ್ಟೀನರ ಸಮಾಧಿ ಇರುವುದು ಉತ್ತರದ ಪವೀಯ ನಗರದಲ್ಲಿ. ಇಲ್ಲಿರುವುದು ಅವರ ತಾಯಿ ಸಂತ ಮೋನಿಕಳದು. ಮಗನನ್ನು ಹಿಂಬಾಲಿಸಿ ಆಫ್ರಿಕದಿಂದ ಸಮುದ್ರ ದಾಟಿ ಬಂದ ಆ ತಾಯಿ, ಅವನೊಡನೆ ಊರಿಗೆ ಮರಳುವ ದಾರಿಯಲ್ಲಿ, 387ರಲ್ಲಿ, ರೋಮಿನ ಬಂದರಾದ ಓಸ್ತಿಯದಲ್ಲಿ ತೀರಿಕೊಂಡಳು. ಆಗ ಆಕೆಗೆ ಐವತ್ತಾರು ವರ್ಷ, ಈಗ ನನಗಿರುವ ವಯಸ್ಸು. ಊರಿನಲ್ಲಿ ಗಂಡನ ಪಕ್ಕದಲ್ಲಿ ಮಣ್ಣಾಗಬೇಕೆಂಬ ಆಸೆಯನ್ನೂ ಕೊನೆಗೆ ಬಿಟ್ಟು, ದೇಹವನ್ನು ಎಲ್ಲಾದರೂ ಹೂಳಿರಿ, ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂದಷ್ಟೇ ಕೇಳಿಕೊಂಡಳು. 1430ರಲ್ಲಿ ಅವಳ ಅವಶೇಷಗಳನ್ನು ರೋಮಿಗೆ ತಂದರು. ‘ಇವರು ನಮ್ಮ ಖಂಡದವರು’ ಎಂದು ಮಿತ್ರರು ಮೆಲ್ಲನೆ, ಆದರೆ ಹೆಮ್ಮೆಯಿಂದ ಹೇಳಿ ಮೊಣಕಾಲೂರಿದರು. ನನ್ನ ಮೂರನೆಯ ಅಧ್ಯಾಯದಲ್ಲಿ ಈ ಮರಣದ ಪ್ರಸಂಗಕ್ಕೆ ಹನ್ನೊಂದು ಅಡಿಟಿಪ್ಪಣಿಗಳಿದ್ದವು.

ಹೊರಡುವಾಗ, ಬಾಗಿಲ ಬಳಿಯ ಮೊದಲ ಉಪಪೀಠದಲ್ಲಿ ಮಿತ್ರರು ಪೆಟ್ಟಿಗೆಗೆ ಒಂದು ನಾಣ್ಯ ಹಾಕಿದರು. ದೀಪ ಹತ್ತಿತು. ಕರವಾಜ್ಜೊ 1600ರ ದಶಕದ ನಡುವಿನಲ್ಲಿ ಬಿಡಿಸಿದ ಲೊರೆತೊ ಮಾತೆಯ ಚಿತ್ರ. ಮರಿಯಮ್ಮನವರು ಮಗುವನ್ನೆತ್ತಿಕೊಂಡು ಬರಿಗಾಲಿನಲ್ಲಿ ಬಾಗಿಲಿಗೆ ಬಂದು ನಿಂತಿದ್ದಾರೆ. ಎದುರಿಗೆ ಇಬ್ಬರು ಬಡ ಯಾತ್ರಿಕರು, ಒಬ್ಬ ಗಂಡಸು, ಒಬ್ಬ ಮುದುಕಿ, ಮಂಡಿಯೂರಿದ್ದಾರೆ. ಆ ಗಂಡಸಿನ ಅಂಗಾಲುಗಳು ನೋಡುವವನ ಮುಖಕ್ಕೇ ಬಂದಂತೆ ಕಾಣುತ್ತವೆ. ಮಣ್ಣು ಮೆತ್ತಿದ ಅಂಗಾಲುಗಳು. ಆ ಕಾಲದಲ್ಲಿ ಈ ಪಾದಗಳ ಕುರಿತು ಜನ ದೊಡ್ಡ ಗದ್ದಲ ಮಾಡಿದರಂತೆ.

ನಮ್ಮ ಅವ್ವ ಯಲಹಂಕದ ಆಚೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವಳು. ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಸೀರೆಯುಟ್ಟು, ಹೆಬ್ಬಾಳ, ಮೇಖ್ರಿ ವೃತ್ತ, ಜಯಮಹಲ್ ದಾಟಿ ಶಿವಾಜಿನಗರದ ಮರಿಯಮ್ಮನವರ ಗುಡಿಗೆ ಬರಿಗಾಲಿನಲ್ಲಿ ನಡೆಯುತ್ತಿದ್ದಳು. ಸುಮಾರು 15 ಕಿಲೋಮೀಟರ್ ದಾರಿ. ಹಿಂದೆ ನಡೆಯುತ್ತಿದ್ದ ಹುಡುಗನಾದ ನನಗೆ ದಾರಿಯುದ್ದಕ್ಕೂ ಕಾಣುತ್ತಿದ್ದದ್ದು ಆ ಅಂಗಾಲುಗಳೇ. ಅವು ಈಗ ಬಾತಿವೆ ಎಂದು ಅಣ್ಣ ಬರೆದಿದ್ದ.

ನಾಣ್ಯದ ಅವಧಿ ಮುಗಿದು ದೀಪ ಆರಿತು. ಮಿತ್ರರು ಇನ್ನೊಂದು ನಾಣ್ಯ ಹಾಕಿದರು. ಅವರೇನೂ ಕೇಳಲಿಲ್ಲ.

ಐದು ಗಂಟೆಗೆ ಬಸ್ಸುಗಳು ಹೊರಟವು. ನಾನು ಟೆಲಿಫೋನ್ ಕಾರ್ಡ್ ಕೊಂಡು ರಸ್ತೆಬದಿಯ ಫೋನಿನಿಂದ ಯಲಹಂಕದ ನಮ್ಮ ಪಕ್ಕದ ಅಂಗಡಿಗೆ ಕರೆ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ. ಅವ್ವನನ್ನು ಕರೆತರುವಷ್ಟರಲ್ಲಿ ಕಾರ್ಡಿನ ಅರ್ಧ ಹಣ ಕರಗಿತ್ತು.

‘ಉಂಡೆಯಾ ಮಗಾ?’

‘ಉಂಡೆ ಅವ್ವ. ಜೂನ್ ತಿಂಗಳಿಗೆ ಬರ್ತೀನಿ.’

‘ಓದು?’

‘ಆಮೇಲೆ ಮುಗಿಸ್ತೀನಿ.’

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆ ಮೇಲೆ, ‘ನಿಂಗೆ ಆಮೇಲೆ ಅನ್ನೋದು ಐತೆ, ಬಾ’ ಎಂದಳು. ದುಡ್ಡು ಹೋಗುತ್ತದೆ, ಇಡು ಎಂದು ಬೈದಳು.

ಚೀಲದಲ್ಲಿದ್ದ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಪ್ರಬಂಧ ಒಂದು ವರ್ಷ ತಡವಾಯಿತು. ಅದಕ್ಕಾಗಿ ಮೇಲಿನವರಿಂದ ಒಂದೆರಡು ಮಾತು ಕೇಳಬೇಕಾಯಿತು, ಅದು ನ್ಯಾಯವೂ ಆಗಿತ್ತು. ಅವ್ವ ಅದೇ ನವೆಂಬರಿನಲ್ಲಿ ತೀರಿಕೊಂಡಳು. ಜೂನ್, ಜುಲೈ ಎರಡು ತಿಂಗಳು ನಾನು ಅವಳ ಜೊತೆಗಿದ್ದೆ.

ಆ ದಿನಗಳಲ್ಲಿ ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ಅವಳೂ ಕೇಳಿದಳು, ರೋಮಾಪುರಿಯಲ್ಲಿ ಏನೇನು ನೋಡಿದೆ ಎಂದು. ಗುಮ್ಮಟವನ್ನೂ ಗಡ್ಡದ ಗಂಗೆಯನ್ನೂ ವರ್ಣಿಸಿದೆ. ನಕ್ಕಳು. ಆ ಮೇಲೆ ಮರಿಯಮ್ಮನವರ ಬಾಗಿಲಲ್ಲಿ ಮಣ್ಣುಗಾಲಿನಲ್ಲಿ ಮಂಡಿಯೂರಿದವರ ಚಿತ್ರದ ಬಗ್ಗೆ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು.

‘ಕಾಲು ತೊಳ್ಕೊಂಡು ಹೋಗ್ಬೇಕಿತ್ತು’ ಎಂದಳು. ‘ಪಾಪ, ದಾರೀಲಿ ನೀರು ಸಿಕ್ಕಿಲ್ಲವೇನೋ.’